ಹೊತ್ತು ಮುಳುಗಿದ ಮೇಲಿನ ರೊಟ್ಟಿ

ಕೊಲ್ಲಾಪುರ,
11 ಜನವರಿ 1937

ತೀರ್ಥರೂಪ ಸಮಾನಳಾದ ಜಿನ್ನಕ್ಕನಿಗೆ ತಮ್ಮ ಕುಂಥುನಾಥನ ನಮಸ್ಕಾರಗಳು.

ನೀನು ಬೈಯುವ ಮೊದಲೇ ನಾನೇ ಹೇಳಿಬಿಡುತ್ತೇನೆ: ಎರಡು ತಿಂಗಳು ಪತ್ರ ಬರೆಯದೇ ಇದ್ದದ್ದು ನನ್ನದೇ ತಪ್ಪು. ಕಂಪನಿಯಲ್ಲಿ ಹೊಸ ಟಾಕಿ ಶುರುವಾಗಿದೆ. ಕಥೆಯೂ ಮಾತೂ ನನ್ನವೇ. ಡೈರೆಕ್ಟರ್ ಆಬಾಸಾಹೇಬರು ಮೊದಲ ಸಲ ನನ್ನನ್ನು ನಂಬಿ ಪೂರ್ತಿ ಸಿನೆಮಾ ಕೊಟ್ಟಿದ್ದಾರೆ.

ತಾಯಿ ಸತ್ತ ಹುಡುಗಿಯೊಬ್ಬಳು ಬಂಧುಗಳ ಮನೆಯಲ್ಲಿ ಏಟು ತಿಂದು ಬೆಳೆಯುವ ಕಥೆ. ಆ ಪಾತ್ರಕ್ಕೆ ನಮ್ಮ ತಬಲಾ ಮಾಸ್ತರರ ಮಗಳು ಸುಂದರಾಳನ್ನು ಹಾಕಿದ್ದಾರೆ. ಒಂಬತ್ತು ವರ್ಷ, ದುಂಡು ಮುಖ. ನಿನ್ನೆ ಕಣ್ಣಿಗೆ ಗ್ಲಿಸರಿನ್ ಹಾಕಿದ ಕೂಡಲೇ ಎದೆ ಬಡಿದುಕೊಂಡು ಎಷ್ಟು ಚೆನ್ನಾಗಿ ಅತ್ತಳೆಂದರೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ನಾಟಕದ ರಾಣಿ ಅತ್ತಂತೆ ಕಂಡಿತು. ಪೆಟ್ಟು ತಿಂದ ಮಗು ಹೀಗೆ ಅಳುವುದಿಲ್ಲ ಎಂದು ಮನಸ್ಸು ಹೇಳುತ್ತದೆ, ಹೇಗಿರುತ್ತದೆ ಎಂಬುದು ಗೊತ್ತಿಲ್ಲ.

ಅದಿರಲಿ. ಕುರಿಗಾರ ಮಾಯಪ್ಪನ ಮಗಳನ್ನು ಮನೆಯಲ್ಲಿಟ್ಟುಕೊಂಡಿದ್ದೇನೆ ಎಂದು ದೀಪಾವಳಿಗೆ ಬರೆದಿದ್ದೆಯಲ್ಲ, ಹೇಗಿದ್ದಾಳೆ? ಹೇಗೆ ಉಣ್ಣುತ್ತಾಳೆ, ಹೇಗೆ ಮಲಗುತ್ತಾಳೆ, ಗದರಿಸಿದರೆ ಏನು ಮಾಡುತ್ತಾಳೆ? ಬಿಡದೆ ಎಲ್ಲ ಬರೆ. ಸುಮ್ಮನೆ ಕೇಳುತ್ತಿದ್ದೇನೆ, ಅಷ್ಟೇ.

ನಿನ್ನ
ಕುಂಥು


ಅಂಕಲಗಿ,
19 ಜನವರಿ 1937

ಚಿರಂಜೀವಿ ಕುಂಥುವಿಗೆ,

ನಿನ್ನ ಪತ್ರ ಓದಿ ನನಗೆ ನಗು ಬಂತು. ಮಕ್ಕಳೆಂದರೆ ಮೂಗು ಮುರಿಯುತ್ತಿದ್ದ ನನ್ನ ತಮ್ಮ ಈಗ ಊರ ಕೂಸು ಹೇಗೆ ಮಲಗುತ್ತದೆ ಎಂದು ಕೇಳುತ್ತಾನೆ! ಮದುವೆಯ ಮನಸ್ಸಾಗಿದೆಯೇನೋ, ಬಾಯಿಬಿಟ್ಟು ಹೇಳು. ಹುಕ್ಕೇರಿಯಲ್ಲಿ ಒಳ್ಳೆಯ ಹೆಣ್ಣಿದೆ. ಜೈನರ ಮಗನಾಗಿಯೂ ದೀಪ ಹಚ್ಚಿದ ಮೇಲೆ ನೀನು ಖಾನಾವಳಿಯಲ್ಲಿ ಉಣ್ಣುತ್ತೀ ಎಂದು ಅವರಿಗೆ ನಾನಂತೂ ಹೇಳುವುದಿಲ್ಲ.

ಹುಡುಗಿಯ ಹೆಸರು ತಾಯವ್ವ. ಎಂಟು ನಡೆಯುತ್ತಿದೆ, ನೋಡಿದರೆ ಆರರವಳು. ತಾಯಿ ಹೋದ ಮೇಲೆ ಮಾಯಪ್ಪ ಇವಳನ್ನು ಮಸಗುಪ್ಪಿಯ ಅಣ್ಣನ ಮನೆಯಲ್ಲಿ ಬಿಟ್ಟು ಕುರಿಯ ಹಿಂದೆ ಹೋಗಿದ್ದ. ಎಂಟು ತಿಂಗಳ ಮೇಲೆ ಬಂದು ನೋಡಿದರೆ ಬೆನ್ನ ತುಂಬ ಬರೆ. ದೊಡ್ಡವ್ವ ಉಪವಾಸ ಕೆಡವಿ ದನದ ಕೊಟ್ಟಿಗೆಯಲ್ಲಿ ಕಟ್ಟಿ ಹಾಕುತ್ತಿದ್ದಳಂತೆ. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಪ್ರತಿ ವರ್ಷ ಕುರಿ ನಿಲ್ಲಿಸುವ ಸಲಿಗೆಯಿಂದ ನನ್ನ ಹತ್ತಿರ ಕರೆತಂದ. ಅಂಗಳದಲ್ಲಿ ನಿಂತು, "ಅಕ್ಕಾರ, ಮುನ್ನೂರು ಕುರಿ ಕಾಯತೇನ್ರಿ. ಇದೊಂದ ಕೂಸಿನ್ನ ಕಾಯಾಕ ಆಗಲಿಲ್ಲರಿ ನನಗ" ಎಂದ. ಗಂಡಸು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಇಟ್ಟುಕೊಂಡೆ.

ಇವಳು ಮಾತ್ರ ಅಳುವುದಿಲ್ಲ. ಬಂದು ಮೂರು ತಿಂಗಳಾಯಿತು, ಒಂದು ಹನಿ ಇಲ್ಲ. ಮೊನ್ನೆ ಶೆಲ್ಫಿನ ಮೇಲಿನ ಡಬ್ಬಿ ತೆಗೆಯಲು ಕೈ ಎತ್ತಿದೆ, ಆ ಕಡೆ ಕುಳಿತಿದ್ದವಳು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಮುದುಡಿದಳು. ಕಿರುಚಲಿಲ್ಲ, ಓಡಲಿಲ್ಲ. ಪೆಟ್ಟು ಬೀಳಲಿ, ಮುಗಿಯಲಿ ಎಂದು ಕಾಯುತ್ತಿದ್ದಳು. ನನ್ನ ಕೈ ಮೇಲೆಯೇ ನಿಂತುಬಿಟ್ಟಿತು. ನೀರು ಕುಡಿಯಲೂ "ಕುಡೀಲ್ರಿ?" ಎಂದು ಕೇಳುತ್ತಾಳೆ. "ಶಾಣ್ಯಾ ಅದಿ" ಎಂದು ಹೊಗಳಿದರೆ ಇನ್ನೂ ಹೆದರುತ್ತಾಳೆ.

ಕತ್ತಲೆಯ ಭಯವೂ ಬಹಳ. ಸಂಜೆಯಾದರೆ ಸಾಕು, ನಡುಮನೆಯ ಮೂಲೆಯಲ್ಲಿ ಮೊಳಕಾಲು ಅಪ್ಪಿ ಕುಳಿತುಬಿಡುತ್ತಾಳೆ, ತುಟಿ ಅದುರುತ್ತದೆ. ಅವಳಿಗಾಗಿ ಎರಡು ಕಂದೀಲು ಹಚ್ಚಿಡುತ್ತೇನೆ. ಆದರೂ ಭಯ ಹೋಗಿಲ್ಲ. ಹೋಗುತ್ತದೆ, ನಿಧಾನ.

ಹುಕ್ಕೇರಿಗೆ ಏನೆಂದು ಹೇಳಲಿ, ಬರೆ.

ಅಕ್ಕ


ಕೊಲ್ಲಾಪುರ,
2 ಫೆಬ್ರವರಿ 1937

ಪ್ರೀತಿಯ ಅಕ್ಕಾ,

ಹುಕ್ಕೇರಿಯವರಿಗೆ ಸದ್ಯ ಏನೂ ಹೇಳಬೇಡ, ಕೈ ಮುಗಿಯುತ್ತೇನೆ.

ನಿನ್ನ ಪತ್ರ ನನ್ನ ಸಿನೆಮಾವನ್ನು ಬದುಕಿಸಿತು. ಡಬ್ಬಿ ತೆಗೆಯಲು ಕೈ ಎತ್ತಿದ್ದು, ಅವಳು ತಲೆ ಮುಚ್ಚಿಕೊಂಡದ್ದು, ಅದಷ್ಟನ್ನೇ ಸುಂದರಾಳಿಂದ ಮಾಡಿಸಿದೆವು. ಅಳು ಇಲ್ಲ, ಮಾತಿಲ್ಲ. ಮುಗಿದಾಗ ಚಪ್ಪಾಳೆ ಬೀಳಲಿಲ್ಲ ಅಕ್ಕಾ. ಲೈಟು ಹಿಡಿಯುವ ಶಿದ್ರಾಮ ದೊಡ್ಡ ಒರಟ, ಅವನು ಮುಖ ತಿರುಗಿಸಿ ನಿಂತಿದ್ದ. ಆಬಾಸಾಹೇಬರು ನನ್ನ ಹೆಗಲು ಹಿಡಿದು, "ಇದು ನಿನಗ ಹ್ಯಾಂಗ ಗೊತ್ತಾತೋ?" ಎಂದರು.

ನಿಜ ಹೇಳುತ್ತೇನೆ, ನಿನ್ನ ಪತ್ರವನ್ನೇ ಅವರಿಗೆ ಓದಿ ತೋರಿಸಿದೆ. ಅಂದಿನಿಂದ ಅವರದು ಒಂದೇ ಹಟ: ಆ ಹುಡುಗಿಯನ್ನೇ ಕರೆಸು. ಪಾತ್ರಕ್ಕೆ ಮಾತೇ ಇಲ್ಲ, ಮರಾಠಿ ಬಾರದಿದ್ದರೂ ನಡೆಯುತ್ತದೆ. ಹದಿನೈದು ದಿನದ ಕೆಲಸ. ಸಂಕೇಶ್ವರದಿಂದ ಮೋಟಾರು ಹತ್ತಿಸಿದರೆ ನಾನೇ ಇಳಿಸಿಕೊಳ್ಳುತ್ತೇನೆ. ಬೇಕಾದರೆ ನೀನೂ ಬಾ. ಮಾಯಪ್ಪ ಕುರಿಯ ಹಿಂದೆ ಯಾವ ಊರಲ್ಲಿದ್ದಾನೋ, ಅವನ ಬದಲು ನೀನು ಹೂಂ ಎಂದರೆ ಸಾಕು.

ಯೋಚಿಸು. ಊರೂರ ಜನ ಪರದೆಯ ಮೇಲೆ ಆ ಕಣ್ಣುಗಳನ್ನು ನೋಡಿದರೆ ನಾಳೆ ಮಗುವಿನ ಮೇಲೆ ಕೈ ಎತ್ತುವಾಗ ಒಬ್ಬರಾದರೂ ತಡೆಯುವುದಿಲ್ಲವೇ?

ತಾಯವ್ವನಿಗೆ ಒಂದು ಫ್ರಾಕು ಕಳಿಸಿದ್ದೇನೆ. ನೀಲಿಯದು.

ಕುಂಥು


ಅಂಕಲಗಿ,
10 ಫೆಬ್ರವರಿ 1937

ಕುಂಥುನಾಥನಿಗೆ,

ಅಕ್ಕ ತಮ್ಮನಿಗೆ ಬರೆದ ಪತ್ರವನ್ನು ಕಂಪನಿಯಲ್ಲಿ ಓದಿ ತೋರಿಸಿದೆಯಾ? ನಿನ್ನ ಹುಚ್ಚಿಗೆ ನನ್ನ ಬಳೆ ಒಡೆದ ದಿನದ ಕಥೆಯನ್ನೂ ಬರೆದು ಕಳಿಸಲೇ, ಅದನ್ನೂ ಯಾರಿಂದಾದರೂ ಮಾಡಿಸುತ್ತೀಯಾ? ಸುಮ್ಮನೆ ಕೇಳುತ್ತಿದ್ದೇನೆ ಎಂದಿದ್ದೆ. ನಾನು ಪೆದ್ದಿ, ಅಕ್ಕರೆ ಎಂದುಕೊಂಡೆ.

ಇಷ್ಟು ಬರೆದು ಪತ್ರ ಮಡಚಿ ಎರಡು ದಿನ ಇಟ್ಟಿದ್ದೆ. ಈಗ ಮತ್ತೆ ಬಿಚ್ಚಿದ್ದೇನೆ.

ನೀನು ಕೊನೆಗೆ ಕೇಳಿದ ಮಾತು ನನ್ನನ್ನು ಬಿಡುತ್ತಿಲ್ಲ. ಮಸಗುಪ್ಪಿಯ ಆ ಓಣಿಯಲ್ಲಿ ಹನ್ನೆರಡು ಮನೆಗಳಿವೆ. ಎಂಟು ತಿಂಗಳು ಎಲ್ಲರಿಗೂ ಕೇಳಿಸಿದೆ. ಒಬ್ಬರೂ ಬಾಗಿಲು ತಟ್ಟಲಿಲ್ಲ. ಕೆಟ್ಟವರೆಂದಲ್ಲ. ಅವರವರ ಮನೆಯ ಮಾತು, ನಮಗ್ಯಾಕೆ ಎಂದಿದ್ದಾರೆ. ಅವರು ನಿನ್ನ ಟಾಕಿ ನೋಡಿದರೆ? ನನಗೆ ಗೊತ್ತಿಲ್ಲಪ್ಪ.

ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ನೋಡುತ್ತೇನೆ. ಫ್ರಾಕು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು, ಆಮೇಲೆ ತಾನೇ ಬಿಚ್ಚಿ ಮಡಚಿಟ್ಟಳು. "ಹೊಲಸ ಆದ್ರ ಹೊಡೀತಾರ" ಎಂದಳು. ಯಾರು ಎಂದು ನಾನು ಕೇಳಲಿಲ್ಲ.

ಜಿನ್ನವ್ವ


ಕೊಲ್ಲಾಪುರ,
22 ಫೆಬ್ರವರಿ 1937

ಅಕ್ಕಾ,

ಪತ್ರ ಓದಿದ್ದು ತಪ್ಪು. ಕಿವಿ ಹಿಂಡು, ಆದರೆ ಉತ್ತರ ಬೇಗ ಕೊಡು. ಮಾರ್ಚ್ ಹದಿನೈದಕ್ಕೆ ಕೊನೆಯ ಭಾಗದ ಶೂಟಿಂಗ್.

ಸುಂದರಾ ಈಗ ತಯಾರಾಗಿದ್ದಾಳೆ. ಗ್ಲಿಸರಿನ್ ಬೇಡವೇ ಬೇಡ. ಅವಳ ಅಪ್ಪ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿ ಬರುತ್ತಾರೆ, ನಿಜವಾದ ಕಣ್ಣೀರೇ ಇಳಿಯುತ್ತದೆ. ತಂದೆಯಿಂದ ಬಂದ ಕಲೆ ಎನ್ನುತ್ತಾರೆ ಎಲ್ಲರೂ. ಕತ್ತಲೆಯ ಸೀನಿಗೆ ಮಾತ್ರ ಅವಳು ಒಗ್ಗುವುದಿಲ್ಲ. ನೀನು ಬರೆದಿದ್ದೆಯಲ್ಲ, ಕತ್ತಲೆಯ ಭಯ ಎಂದು, ಅದನ್ನೇ ಕಥೆಯ ತುದಿಗೆ ತಂದಿದ್ದೇನೆ. ಬಂಧುಗಳು ಮಗುವನ್ನು ಕೋಣೆಯಲ್ಲಿ ಬಿಟ್ಟು ದೀಪ ಆರಿಸುತ್ತಾರೆ. ಸುಂದರಾಳಿಗೆ ಕತ್ತಲೆಯಲ್ಲಿ ಕಿಸಿಕಿಸಿ ನಗು. ಅದಕ್ಕೇ ತಾಯವ್ವ ಬೇಕು. ಅರೆಗತ್ತಲಲ್ಲಿ ಮುಖದ ಭೇದ ಯಾರಿಗೂ ಕಾಣದು. ಒಂದೇ ಸೀನು, ಐದು ನಿಮಿಷ. ನಾನು ಅಲ್ಲೇ ಇರುತ್ತೇನೆ.

ಇದು ನನಗೆ ಸಿಕ್ಕ ಒಂದೇ ಅವಕಾಶ ಅಕ್ಕಾ.

ಕುಂಥು


ಅಂಕಲಗಿ,
7 ಮಾರ್ಚ್ 1937

ಕುಂಥು,

ನಿಧಾನವಾಗಿ ಓದು. ನಾನೂ ನಿಧಾನವಾಗಿ ಬರೆಯುತ್ತಿದ್ದೇನೆ.

ಹೋದ ಸೋಮವಾರ ಅವಳನ್ನು ನಿನ್ನ ಹತ್ತಿರ ಕಳಿಸಬೇಕೆಂದು ಮನಸ್ಸು ಮಾಡಿದ್ದೆ. ಕತ್ತಲೆಯ ಭಯ ಸ್ವಲ್ಪ ಬಿಡಿಸಿ ಕಳಿಸೋಣ ಎಂದು, ಊಟ ಮುಗಿಸಿ ಕತ್ತಲಾದ ಮೇಲೆ ಕೈ ಹಿಡಿದು ಮಾಳಿಗೆಗೆ ಕರೆದುಕೊಂಡು ಹೋದೆ. ಹುಣ್ಣಿಮೆ ಕಳೆದು ನಾಲ್ಕು ದಿನ, ಚಂದ್ರ ಇನ್ನೂ ಮೂಡಿರಲಿಲ್ಲ, ಪೂರಾ ಕತ್ತಲು. ಹುಡುಗಿ ನನಗೆ ಚುಕ್ಕಿಗಳ ಹೆಸರು ಹೇಳತೊಡಗಿದಳು! ಅಪ್ಪನ ಜೊತೆ ಕುರಿಹಟ್ಟಿಯಲ್ಲಿ ಮಲಗಿ ಕಲಿತದ್ದಂತೆ. ಅವಳಿಗೆ ಕತ್ತಲೆಯ ಭಯ ಎಳ್ಳಷ್ಟೂ ಇಲ್ಲ.

ಕೆಳಗಿಳಿದು ಬಂದೆವು. ದಿನದಂತೆ ನಾನು ಅಡುಗೆಮನೆಯ ಬಾಗಿಲು ಎಳೆದು ಚಿಲಕ ಹಾಕಿದೆ. ಆ ಸದ್ದಿಗೆ ಅವಳು ಮೂಲೆ ಸೇರಿ ಮೊಳಕಾಲು ಅಪ್ಪಿದಳು. ಆಗ ನನ್ನ ಕಣ್ಣು ತೆರೆಯಿತು. ಹತ್ತಿರ ಕುಳಿತು, "ಏನಾತವಾ?" ಎಂದೆ. ಮೊಳಕಾಲಿನ ಮೇಲೆ ಗದ್ದ ಊರಿ ಕೇಳಿದಳು:

"ಅಕ್ಕಾರ, ಇವತ್ತ ನಾ ಏನ್ ತಪ್ಪ ಮಾಡೇನ್ರಿ?"

"ತಪ್ಪ? ಏನೂ ಇಲ್ಲಲ್ಲ."

"ಮತ್ತ ದಿನಾ ಅಡಗಿಮನಿ ಬಾಗಲಾ ಹಾಕ್ತೀರಲ್ರಿ. ರಾತ್ರಿ ಉಪಾಸ ಕೆಡವತೀರಲ್ರಿ. ದಿನಾ ನೆನಸತೇನ್ರಿ, ಏನ್ ತಪ್ಪಂತ ತಿಳೀವಲ್ದು."

ಕುರಿಗಾರರು ಕುರಿ ಹಟ್ಟಿಗೆ ಸೇರಿಸಿ, ಕತ್ತಲಾದ ಮೇಲೆ ಉಣ್ಣುವವರು. ಅವಳಿಗೆ ಊಟ ಎಂದರೆ ಅದೇ. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ನಾನು ಹಾಕುತ್ತಿದ್ದುದನ್ನು ಅವಳು ಇಳಿಹೊತ್ತಿನ ತಿನಿಸು ಎಂದುಕೊಂಡಿದ್ದಳು. ರಾತ್ರಿಯ ಊಟವನ್ನು ಶಿಕ್ಷೆಗಾಗಿ ತಪ್ಪಿಸುತ್ತಿದ್ದೇನೆ ಎಂದು ನಂಬಿದ್ದಳು. ಐದು ತಿಂಗಳು, ಕುಂಥು! ಐದು ತಿಂಗಳು ದಿನಾ ಸಂಜೆ ಆ ಕೂಸು ನನ್ನ ಮನೆಯಲ್ಲಿ ತನ್ನ ತಪ್ಪು ಹುಡುಕಿದೆ. ನಾನು ಎರಡು ಕಂದೀಲು ಹಚ್ಚಿ ದೊಡ್ಡ ಪುಣ್ಯ ಮಾಡಿದೆನೆಂದು ತಿಳಿದು ಮಲಗಿದ್ದೇನೆ. ಮಸಗುಪ್ಪಿಯಲ್ಲೂ ಹೀಗೆಯೇ ಚಿಲಕ ಹಾಕಿ ಆಮೇಲೆ ಹೊಡೆಯುತ್ತಿದ್ದರಂತೆ.

ನಾನು ಹೇಳಿದೆ, "ಇದು ಶಿಕ್ಷಾ ಅಲ್ಲವಾ. ನಮ್ಮ ವ್ರತ. ರಾತ್ರಿ ದೀಪಕ್ಕ ಹುಳಾ ಬರ್ತಾವ, ಅನ್ನದಾಗ ಬಿದ್ದ ಸಾಯ್ತಾವ. ಅವು ಸಾಯಬಾರದಂತ ಮೊದಲ ಉಣತೇವಿ."

ನನ್ನ ಮುಖ ನೋಡಿ, "ಹುಳದ ಮ್ಯಾಲ ಅಷ್ಟ ಕಕ್ಕುಲಾತೇನ್ರಿ ನಿಮಗ?" ಎಂದಳು. ಅವಳು ಚುಚ್ಚಲಿಲ್ಲ, ಖರೆಯೇ ಕೇಳಿದಳು. ನಾನು ಎದ್ದು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ವ್ರತದ್ದೇನು ತಪ್ಪು? ಹೇಳದೆ ಇದ್ದದ್ದು ನಾನು. ಇಷ್ಟೂ ದಿನ ಅವಳನ್ನು ಕೇಳದೆ ಇದ್ದದ್ದೂ ನಾನೇ.

ಮರುದಿನ ಬಡಿಗ ಮಾಲಿಂಗಪ್ಪನನ್ನು ಕರೆಸಿ ಅಡುಗೆಮನೆಯ ಬಾಗಿಲನ್ನೇ ಕೀಳಿಸಿದೆ. ಬೆಕ್ಕು ಬರುತ್ತದೆ ಎಂದ. ಬರಲಿ ಎಂದೆ. ಸಂಜೆ ದೀಪ ಹಚ್ಚಿದ ಮೇಲೆ ಅವಳ ಮುಂದೆ ರೊಟ್ಟಿ, ಪಲ್ಯ ಇಟ್ಟೆ. ಮುಟ್ಟಲಿಲ್ಲ. "ನೀವ ಮೊದಲ ತಿನ್ರಿ" ಎಂದಳು. ಅಲ್ಲಿ ದೊಡ್ಡವ್ವ ರೊಟ್ಟಿ ಇಟ್ಟು, ಕೈ ಚಾಚಿದ ಕೂಡಲೇ ಇಕ್ಕಳದಿಂದ ಹೊಡೆಯುತ್ತಿದ್ದಳಂತೆ. ಒಬ್ಬಳೇ ತಿನ್ನು ಎಂದರೆ ಅವಳು ನಂಬುವಂತಿಲ್ಲ.

ನಿನ್ನ ಭಾವ ತೀರಿಕೊಂಡ ವರ್ಷ ಹಿಡಿದ ವ್ರತ, ಹದಿನಾಲ್ಕು ವರ್ಷ ಜ್ವರದಲ್ಲೂ ಬಿಟ್ಟಿರಲಿಲ್ಲ. ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡೆ. ಅವಳು ನಾನು ನುಂಗುವವರೆಗೂ ನೋಡಿದಳು, ಆಮೇಲೆ ತಿಂದಳು. ಎರಡು ರೊಟ್ಟಿ. ಮೂರನೆಯದಕ್ಕೆ "ಇನ್ನೊಂದ ಕೊಡ್ರಿ" ಎಂದಳು. ಅವಳು ಕೇಳಿ ಪಡೆದದ್ದು ಅದೇ ಮೊದಲು.

ಮುನಿಗಳು ಬಂದಾಗ ಎಲ್ಲ ಹೇಳುತ್ತೇನೆ, ಕೊಟ್ಟ ಪ್ರಾಯಶ್ಚಿತ್ತ ತೆಗೆದುಕೊಳ್ಳುತ್ತೇನೆ. ಮುರಿದದ್ದಕ್ಕೆ ನೋವಿದೆ. ನಾಳೆ ಮತ್ತೆ ಹಾಗೆಯೇ ಆದರೆ ಮತ್ತೆ ಮುರಿಯುತ್ತೇನೆ.

ನಿನ್ನ ಉತ್ತರ ಇದು: ತಾಯವ್ವ ಬರುವುದಿಲ್ಲ. ಒಂದೇ ಸೂರಿನ ಕೆಳಗೆ ಇದ್ದ ನಾನೇ ಅವಳನ್ನು ತಪ್ಪು ತಿಳಿದೆ. ನಿನ್ನ ಯಂತ್ರಕ್ಕೆ ಐದು ನಿಮಿಷದಲ್ಲಿ ಏನು ತಿಳಿದೀತು? ನಿನ್ನ ಅವಕಾಶ ಹೋದರೆ ಹೋಗಲಿ. ನನ್ನ ಮೇಲೆ ಸಿಟ್ಟು ಮಾಡು.

ಅಕ್ಕ


ಕೊಲ್ಲಾಪುರ,
16 ಮಾರ್ಚ್ 1937

ಅಕ್ಕಾ,

ಸಿಟ್ಟು ಇಲ್ಲ. ನಾನು ನಿನಗೆ ಹೇಳದೆ ಮುಚ್ಚಿಟ್ಟದ್ದನ್ನು ಈಗ ಬರೆಯುತ್ತೇನೆ.

ಕತ್ತಲೆಯ ಸೀನಿನ ಬಗ್ಗೆ ಆಬಾಸಾಹೇಬರು ಹೇಳಿದ್ದು ಬೇರೆ. ಹುಡುಗಿಗೆ ಮೊದಲೇ ಹೇಳಬಾರದು, ಒಮ್ಮೆಲೇ ಬಾಗಿಲು ಹಾಕಿ ದೀಪ ಆರಿಸಬೇಕು, ನಿಜವಾದ ಭಯ ಪರದೆಯ ಮೇಲೆ ಬರಬೇಕು ಎಂದಿದ್ದರು. ನನಗೆ ಗೊತ್ತಿತ್ತು. ನಾನು ಒಪ್ಪಿದ್ದೆ. ನಾನು ಅಲ್ಲೇ ಇರುತ್ತೇನೆ ಎಂದು ಮಾತ್ರ ಬರೆದೆ. ಬಾಗಿಲು! ನೀನು ಕಳಿಸಿದ್ದರೆ ನಾನೇ ನಿಂತು ಚಿಲಕ ಹಾಕಿಸುತ್ತಿದ್ದೆ ಅಕ್ಕಾ.

ಇನ್ನೊಂದು ಇದೆ. ನಿನ್ನ ಪತ್ರ ಬಂದ ದಿನ ಸುಂದರಾಳ ಶೂಟಿಂಗ್ ನಡೆದಿತ್ತು. ಮಾಸ್ತರರು ಎಂದಿನಂತೆ ಕಿವಿಯಲ್ಲಿ ಹೇಳಲು ಹೋದರು. ನಾನು ಈ ಸಲ ಹತ್ತಿರ ಹೋಗಿ ನೋಡಿದೆ. ಅವರು ಏನೂ ಹೇಳುತ್ತಿರಲಿಲ್ಲ. ತೋಳಿನ ಒಳಗಡೆ ಉಗುರಿನಿಂದ ಚಿವುಟುತ್ತಿದ್ದರು. ತೋಳು ಎತ್ತಿಸಿದರೆ ಎಲ್ಲ ಕಡೆ ನೀಲಿ. ಅದೇ ಕಣ್ಣೀರಿಗೆ ನಾನು ಕಲೆ ಎಂದು ನಿನಗೆ ಬರೆದಿದ್ದೆ. ಹುಡುಗಿ ನನ್ನನ್ನೇ ಸಮಾಧಾನ ಮಾಡುವಂತೆ, "ಜಾಸ್ತಿ ನೋವಾಗೂದಿಲ್ಲ ಕಾಕಾ" ಎಂದಳು.

ಕ್ಯಾಮೆರಾಕ್ಕೆ ಅಡ್ಡ ನಿಂತೆ. ಗದ್ದಲವಾಯಿತು. ಮಾಸ್ತರರು ನನ್ನ ಮಗಳು, ನನ್ನ ಇಚ್ಛೆ ಎಂದು ಕೂಗಾಡಿದರು. ಶಿದ್ರಾಮ ಎಲ್ಲ ಲೈಟು ಆರಿಸಿ ಬೀಡಿ ಹಚ್ಚಿ ಕುಳಿತುಬಿಟ್ಟ. ನಾನು ಆಬಾಸಾಹೇಬರ ಮುಂದೆ ನನ್ನ ಕಾಗದಗಳನ್ನಿಟ್ಟು, ಕೆಲಸ ಬಿಡುತ್ತೇನೆ, ಆದರೆ ಒಂದು ಮಗುವನ್ನು ಹಿಂಸಿಸಿ ಹಿಂಸೆಯ ಕಥೆ ಹೇಳುವುದು ನನ್ನಿಂದಾಗದು ಎಂದೆ. ಅವರು ಕಾಗದ ಎತ್ತಿಕೊಂಡು ಹೊರಟುಹೋದರು. ಎರಡು ದಿನ ಬಿಟ್ಟು ನಾನಿರುವ ಖೋಲಿಗೆ ಬಂದರು. "ನನ್ನ ಅಪ್ಪನೂ ಬೆಲ್ಟಿಲೆ ಹೊಡೀತಿದ್ದ. ನನಗ ಇದು ದೊಡ್ಡದಂತ ಅನಸಲಿಲ್ಲ ನೋಡೋ" ಎಂದರು. ಮಾಸ್ತರರಿಗೆ ಸ್ಟುಡಿಯೋದೊಳಗೆ ಬರಬಾರದೆಂದು ಹೇಳಿದ್ದಾರೆ. ಸುಂದರಾಳ ಜೊತೆ ಅವಳ ಅಜ್ಜಿ ಬರುತ್ತಾಳೆ. ಮನೆಯಲ್ಲಿ ಮಾಸ್ತರರು ಹೇಗಿರುತ್ತಾರೋ ನಾನು ಕಾಣೆ. ಅಜ್ಜಿಗೆ ನನ್ನ ಖೋಲಿಯ ವಿಳಾಸ ಕೊಟ್ಟಿದ್ದೇನೆ.

ಕೊನೆಯ ಭಾಗದ ಶೂಟಿಂಗ್ ಮುಂದೆ ಹೋಗಿದೆ. ಕತ್ತಲೆಯ ಸೀನು ಹರಿದುಹಾಕಿದೆ. ಅದರ ಬದಲು ಇನ್ನೂ ಬೆಳಕಿರುವ ಸಂಜೆ, ಒಬ್ಬ ಹೆಂಗಸು ಅಡುಗೆಮನೆಯ ಬಾಗಿಲು ಎಳೆದು ಚಿಲಕ ಹಾಕುತ್ತಾಳೆ, ಮಗು ಕೇಳಿಸಿಕೊಳ್ಳುತ್ತದೆ. ಅಷ್ಟೇ. ಯಾರೂ ಹೊಡೆಯುವುದಿಲ್ಲ. ಆದರೆ ಅದು ತಾಯವ್ವನದು. ಈ ಸಲ ನಾನು ಯಾರಿಗೂ ಓದಿ ತೋರಿಸಿಲ್ಲ. ಅವಳನ್ನು ಕೇಳಿ ಹೇಳು. ಬೇಡ ಎಂದರೆ ಬೇಡ.

ಕುಂಥು


ಅಂಕಲಗಿ,
25 ಮಾರ್ಚ್ 1937

ಕುಂಥು,

ಕೇಳಿದೆ. ಟಾಕಿ ಎಂದರೇನು ಎಂದು ತಿಳಿಸುವುದಕ್ಕೇ ಅರ್ಧ ದಿನ ಹೋಯಿತು. ಗೋಡೆಯ ಮೇಲೆ ಮನುಷ್ಯರು ನಡೆಯುತ್ತಾರೆ ಎಂದರೆ ನನಗೆ ಬುದ್ಧಿ ಕೆಟ್ಟಿದೆ ಎನ್ನುವಂತೆ ನೋಡಿದಳು. ಕೊನೆಗೆ ಹೇಳಿದ್ದು: "ಬಾಗಲಾ ಹಾಕೂದ ತೋರಸ್ರಿ. ಆದ್ರ ತಗಿಯೂದೂ ತೋರಸಬೇಕ್ರಿ. ಇಲ್ಲಾಂದ್ರ ನೋಡೂ ಹುಡುಗೂರು ಅಂಜತಾವ."

ಹಾಗೆಯೇ ಮಾಡು. ನಾನು ನಿನ್ನ ಮೇಲೆ ಸಿಟ್ಟಾಗಬೇಕೆಂದು ಮೂರು ಸಲ ಪತ್ರ ಓದಿದೆ. ಕ್ಯಾಮೆರಾಕ್ಕೆ ಅಡ್ಡ ನಿಂತ ಜಾಗ ಬಂದಾಗಲೆಲ್ಲ ಸಿಟ್ಟು ಇಳಿಯಿತು. ಹಬ್ಬಕ್ಕೆ ಮನೆಗೆ ಬಾ. ಸುಂದರಾಳಿಗೂ ಅವಳ ಅಜ್ಜಿಗೂ ಇಲ್ಲಿ ಜಾಗವಿದೆ ಎಂದು ಹೇಳು.

ಅಕ್ಕ


ಅಂಕಲಗಿ,
6 ಫೆಬ್ರವರಿ 1938

ಕುಂಥು,

ನಿನ್ನ ಟಾಕಿ ಗೋಕಾಕಕ್ಕೆ ಬಂತು. ಅವಳು ಬೇಡವೆಂದರೆ ಕರೆದೊಯ್ಯಬೇಡ ಎಂದು ನೀನು ಬರೆದಿದ್ದೆ. ಬೇಡವೆಂದದ್ದು ನಾನು, ಹಟ ಹಿಡಿದದ್ದು ತಾಯವ್ವ. "ನಾ ಹೇಳಿದಂಗ ಮಾಡ್ಯಾರೋ ಇಲ್ಲೋ ನೋಡಬೇಕ್ರಿ" ಎಂದಳು. ಈಗ ಹಟವನ್ನೂ ಕಲಿತಿದ್ದಾಳೆ. ಬಂಡಿ ಕಟ್ಟಿಸಿ ಮಧ್ಯಾಹ್ನದ ಆಟಕ್ಕೇ ಹೋದೆವು.

ಪೇಟೆಯ ಆಚೆ ಬೆಳಕು ನುಸುಳದಂಥ ಕರಿ ಡೇರೆ ಹಾಕಿದ್ದರು. ಹೆಂಗಸರ ಕಡೆ ಜಮಖಾನೆಯ ಮೇಲೆ ಕುಳಿತೆವು. ಬಾಜೂಕ್ಕೆ ಗಿರಣಿ ಕೆಲಸದವನ ಹೆಂಡತಿ ಎರಡು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಶುರುವಿನಲ್ಲಿ ಪುಟಾಣಿ ತಿನ್ನುವ ಸದ್ದು, ಮಾತು, ನಗು. ಸುಂದರಾ ತಲೆಯ ಮೇಲೆ ಕೈ ಇಟ್ಟುಕೊಂಡಾಗ ಗದ್ದಲ ತಗ್ಗಿತು. ನಾನು ಪರದೆ ನೋಡಲಿಲ್ಲ, ತಾಯವ್ವನನ್ನೇ ನೋಡುತ್ತಿದ್ದೆ. ಅವಳು ನನ್ನ ಬೆರಳು ಹಿಡಿದು ನೆಟ್ಟಗೆ ಕುಳಿತಿದ್ದಳು. ಹೋಗೋಣ ಎಂದೆ, ತಲೆ ಅಲ್ಲಾಡಿಸಿದಳು.

ಆಮೇಲೆ ಆ ಸೀನು ಬಂತು. ಹೆಂಗಸು ಪಾತ್ರೆ ತೊಳೆದಿಟ್ಟಳು, ಕೈ ಒರೆಸಿಕೊಂಡಳು, ಬಾಗಿಲು ಎಳೆದು ಚಿಲಕ ಹಾಕಿದಳು. ಬಾಜೆಯಿಲ್ಲ, ಹಾಡಿಲ್ಲ. ಮಗು ಆ ಬಾಗಿಲನ್ನೇ ನೋಡುತ್ತ ನಿಂತಿತು. ಗಿರಣಿಯವನ ಹೆಂಡತಿ ತನಗೆ ತಾನೇ, "ಹಸದೈತೆವಾ ಕೂಸು" ಎಂದಳು.

ತಾಯವ್ವ ನನ್ನ ಬೆರಳು ಬಿಟ್ಟಳು. ನಾನು ಹಿಡಿಯುವಷ್ಟರಲ್ಲಿ ಜಮಖಾನೆಯ ಮೇಲೆ ಎದ್ದು ನಿಂತು, ಡೇರೆಯ ಆ ಕೊನೆಗೆ ಕೇಳುವಂತೆ, ಪರದೆಯ ಮೇಲಿನ ಹುಡುಗಿಗೆ ಕೂಗಿ ಹೇಳಿದಳು:

"ಏ ತಂಗೀ! ಅಲ್ಲಿ ನಿಂದರಬ್ಯಾಡ. ನಮ್ಮ ಮನಿಗೆ ಬಾ. ನಮ್ಮವ್ವ ಉಣ್ಣಾಕ ಹಾಕ್ತಾಳ!"

ಆಮೇಲೆ ಬಾಗಿಲು ತೆರೆಯಿತಂತೆ. ಒಳ್ಳೆಯದಾಗಿ ತೆರೆದರು ಎಂದು ಬರುವಾಗ ಬಂಡಿಯಲ್ಲಿ ಅವಳೇ ಹೇಳಿದಳು. ನಿನ್ನ ಟಾಕಿ ಹೇಗಿತ್ತು ಎಂದು ನನ್ನನ್ನು ಕೇಳಬೇಡ. ಮುಂದಿನದೇನನ್ನೂ ನಾನು ನೋಡಲಿಲ್ಲ. ಅಷ್ಟು ಜನರ ಎದುರಿಗೆ ಅವಳು ನನ್ನನ್ನು ಅವ್ವ ಎಂದಿದ್ದಳು, ಕುಂಥು.

ಅಕ್ಕ